ಗುರವ್ವನ ಅಳತೆಯ ಬಿಲ್ಲು

ಟೆಕ್ಸಾಸಿನಲ್ಲಿ, ಡಲ್ಲಾಸಿನ ಪಕ್ಕದ ಇರ್ವಿಂಗಿನ ದಿನಸಿ ಅಂಗಡಿಗಳ ಸಾಲಿನ ಕೊನೆಯಲ್ಲಿ, ಹುಬ್ಬು ತೀಡುವ ಪಾರ್ಲರಿಗೂ ಒಂದು ಟ್ಯಾಕ್ಸ್ ಆಫೀಸಿಗೂ ನಡುವೆ ಗುರವ್ವನ ಹೊಲಿಗೆ ಅಂಗಡಿ. ಅಲ್ಲಿ ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಹೊಲಿದದ್ದನ್ನು ಮೈಗೆ ಕೂರಿಸುವುದೇ ಹೆಚ್ಚು. ಬೆಂಗಳೂರಿನಿಂದ ಬಂದ ಬ್ಲೌಸಿನ ಪಕ್ಕ ಬಿಡಿಸುವುದು, ಆಫೀಸಿಗೆ ಹೋಗುವವರ ಪ್ಯಾಂಟಿನ ಕಾಲು ಮಡಚುವುದು, ಮದುವೆಗೆ ನಾಲ್ಕು ದಿನ ಇರುವಾಗ ಓಡಿಬರುವ ಹುಡುಗಿಯರ ಲೆಹೆಂಗಾ ಸೊಂಟಕ್ಕೆ ಸರಿಮಾಡುವುದು. ಗುರವ್ವ ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಗೋಕಾಕದಿಂದ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಮಾತು ಗೋಕಾಕದ್ದೇ. ಅವಳ ನಗು ಮಾತ್ರ ಪಾರ್ಲರಿನವರೆಗೂ ಕೇಳುತ್ತಿತ್ತು.

ಅವಳನ್ನು ಬಲ್ಲವರಿಗೆಲ್ಲ ಗೊತ್ತಿದ್ದ ಸಂಗತಿಯೆಂದರೆ, ಗುರವ್ವನಿಗೆ ಯಾವುದಾದರೂ ಹಿಡಿಸಿತೆಂದರೆ ಅದರ ಹುಚ್ಚು ಮನೆಮಂದಿಗೆಲ್ಲ ಹತ್ತುತ್ತಿತ್ತು. ಒಂದು ವರ್ಷ ಹಲಪೇನೊ ಮೆಣಸಿನಕಾಯಿಯ ಉಪ್ಪಿನಕಾಯಿ ಹಾಕಿದಳು; ಇರ್ವಿಂಗಿನ ಕನ್ನಡಿಗರ ಮನೆಗಳಲ್ಲೆಲ್ಲ ಆ ಬಾಟಲಿ ಬಂದು ಕೂತಿತು. ಇನ್ನೊಂದು ವರ್ಷ ಈಜು ಕಲಿತಳು. ಗಂಡ ಅಪ್ಪಾಸಾಹೇಬನನ್ನೂ ನೀರಿಗಿಳಿಸಿ, ಅವನು ಮೂಗಿಗೆ ನೀರು ಹೋಗಿ ಕೆಮ್ಮುತ್ತ ಕಟ್ಟೆ ಹತ್ತುವವರೆಗೂ ಬಿಡಲಿಲ್ಲ. ಅಪ್ಪಾಸಾಹೇಬ ಅಡಿಗೆಮನೆಗಳಿಗೆ ಗ್ರಾನೈಟ್ ಕಟ್ಟೆ ಕೂರಿಸುವ ವ್ಯವಹಾರದವನು. ಭಾರದ ಕಲ್ಲು ಎತ್ತಿಸಿ ಇಳಿಸುವುದರಲ್ಲಿ ಜೀವ ಸವೆಸಿದ್ದ ಅವನಿಗೆ ಹೆಂಡತಿಯ ಹುಚ್ಚುಗಳೇ ಮನರಂಜನೆ. ಮಗಳು ವೈಷ್ಣವಿ ಆಸ್ಟಿನ್ನಿನಲ್ಲಿ ಓದುತ್ತಿದ್ದಳು. ಭಾನುವಾರ ಮಧ್ಯಾಹ್ನ ಬಟ್ಟೆ ಒಗೆಯಲು ಹಾಕಿ, ಮಷಿನ್ನಿನ ಮುಂದೆ ಕೂತು ಫೋನ್ ಮಾಡುವಳು.

2015ರ ಚಳಿಗಾಲದ ಮೊದಲಲ್ಲಿ ಡಾರ್ಲೀನ್ ಎಂಬ ಹೆಂಗಸು ಒಂದು ದಪ್ಪ ಉಣ್ಣೆಯ ಅಂಗಿ ಹಿಡಿದು ಅಂಗಡಿಗೆ ಬಂದಳು. ಹತ್ತಿರದ ಲೂಯಿಸ್‌ವಿಲ್ಲಿನವಳು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಎಡತೋಳನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಬಿಗಿಮಾಡಬೇಕು, ಬಲತೋಳು ಇದ್ದಹಾಗೇ ಇರಲಿ ಎಂದಳು. ಅಷ್ಟು ವರ್ಷದಲ್ಲಿ ಒಂದೇ ತೋಳು ಬಿಗಿಮಾಡು ಎಂದವರು ಯಾರೂ ಇರಲಿಲ್ಲ. ಕೈಗೆ ಏನಾದರೂ ಪೆಟ್ಟಾಗಿದೆಯೇ ಎಂದು ಗುರವ್ವ ಮೆಲ್ಲಗೆ ಕೇಳಿದಳು. ಡಾರ್ಲೀನ್ ನಕ್ಕು, ಬಿಲ್ಲಿನ ಹೆದೆ ತೋಳಿಗೆ ತಾಗಿ ಬಾಣ ಅಡ್ಡಾದಿಡ್ಡಿ ಹೋಗುತ್ತದೆ, ಅದಕ್ಕೆ ಎಂದಳು. ಯಾವ ಬಿಲ್ಲು ಎಂದು ಕೇಳಿದ್ದೇ ತಡ, ಹೊರಗೆ ಕರೆದೊಯ್ದು ತನ್ನ ಟ್ರಕ್ಕಿನಿಂದ ಅದನ್ನು ತೆಗೆದು ತೋರಿಸಿದಳು.

ಈಗಿನ ಬಿಲ್ಲುಗಳಿಗಿರುವ ಗಾಲಿ, ಗೀಲಿ, ದುರ್ಬೀನು ಯಾವುದೂ ಇಲ್ಲದ ಬಿಲ್ಲು. ಒಂದು ಬಾಗಿದ ಮರ, ಒಂದು ಹೆದೆ, ಅಷ್ಟೇ. ಅಂಗಡಿಯ ಹಿಂಭಾಗದಲ್ಲಿ, ಕಸದ ದೊಡ್ಡ ಡಬ್ಬಿಗಳ ಪಕ್ಕ, ಡಾರ್ಲೀನ್ ಒಮ್ಮೆ ಎಳೆದು ತೋರಿಸಿ ಗುರವ್ವನ ಕೈಗೆ ಕೊಟ್ಟಳು. ಬಾಣವಿಲ್ಲದೆ ಹೆದೆಯನ್ನು ಬಿಟ್ಟರೆ ಬಿಲ್ಲು ಒಡೆದುಹೋಗುತ್ತದೆ, ಎಳೆದಷ್ಟೇ ನಿಧಾನಕ್ಕೆ ವಾಪಸು ತರಬೇಕು ಎಂದು ಎಚ್ಚರಿಸಿದಳು. ಗುರವ್ವ ಮೂರು ಬೆರಳಲ್ಲಿ ಹೆದೆ ಹಿಡಿದು ಎಳೆದಳು. ಮೊದಲು ಬೆರಳಿಗೆ ಭಾರ ಗೊತ್ತಾಯಿತು, ಆಮೇಲೆ ತೋಳಿಗೆ. ಕೈ ಗಲ್ಲಕ್ಕೆ ಬಂದಾಗ ಆ ಭಾರವೆಲ್ಲ ಬೆನ್ನಿಗೆ ಹೋಗಿ ನಿಂತಿತು. ಇಪ್ಪತ್ತು ವರ್ಷ ಮಷಿನ್ನಿನ ಮೇಲೆ ಬಗ್ಗಿ ಬಗ್ಗಿ ಮುದುಡಿದ್ದ ಬೆನ್ನು ಒಂದೇ ಸಲಕ್ಕೆ ತೆರೆದುಕೊಂಡಿತು. ಜೋಕಾಲಿ ಮೇಲಕ್ಕೆ ಹೋಗಿ, ಇನ್ನೇನು ಹಿಂದಿರುಗಬೇಕು ಎನ್ನುವ ಆ ಗಳಿಗೆ ಇರುತ್ತದಲ್ಲ, ಎದೆಯಲ್ಲಿ ಹಾಗೆ ಆಯಿತು. ಹೆದೆಯನ್ನು ವಾಪಸು ತಂದವಳೇ ನಗತೊಡಗಿದಳು. ಪಾರ್ಲರಿನ ಹುಡುಗಿ ಹಿಂಬಾಗಿಲು ತೆರೆದು ನೋಡಿದಳು.

ಉಣ್ಣೆಯ ಅಂಗಿ ಆ ವಾರವೇ ತಯಾರಾಯಿತು. ಮುಂದಿನ ಭಾನುವಾರ ಗುರವ್ವ ಲೂಯಿಸ್‌ವಿಲ್ ಕೆರೆಯ ಹತ್ತಿರದ ಬಿಲ್ಲುಗಾರರ ಮೈದಾನದಲ್ಲಿ, ಡಾರ್ಲೀನಳ ಹಗುರ ಬಿಲ್ಲೊಂದನ್ನು ಹಿಡಿದು ಹುಲ್ಲಿನ ಪೆಂಡಿಗಳ ಮುಂದೆ ನಿಂತಿದ್ದಳು. ಪ್ರತಿ ಬಾಣ ಹೋದಾಗಲೂ ನಕ್ಕಳು, ತಾಗಿದರೂ ನಗು, ತಪ್ಪಿದರೂ ನಗು. ಪಕ್ಕದಲ್ಲಿ ಗಂಭೀರವಾಗಿ ಗುರಿ ಹಿಡಿದಿದ್ದ ಗಡ್ಡದ ಗಂಡಸರು ಮೊದಮೊದಲು ತಿರುಗಿ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಮುಖಗಳೂ ಸಡಿಲಾದವು.

ಆ ಚಳಿಗಾಲವೆಲ್ಲ ಮನೆಯಲ್ಲಿ ಬಿಲ್ಲಿನದೇ ಮಾತು. ಅಂಗಡಿಯಲ್ಲಿ ಎಲಾಸ್ಟಿಕ್ ಪಟ್ಟಿಯನ್ನು ಗಲ್ಲದವರೆಗೆ ಎಳೆದು ಹಿಡಿಯುವಳು. ಅಳತೆ ಕೊಡಲು ನಿಂತ ಹೆಂಗಸರಿಗೆ ಬೆನ್ನಿನ ಯಾವ ಭಾಗದಿಂದ ಎಳೆಯಬೇಕೆಂದು ಬೆರಳಿಟ್ಟು ತೋರಿಸುವಳು. ಅದೇ ದಿನಗಳಲ್ಲಿ ಅಪ್ಪಾಸಾಹೇಬ ಆಸ್ಟಿನ್ನಿನಾಚೆ ಒಂದು ರಾಂಚಿನ, ಅಂದರೆ ದನ ಮೇಯಿಸುವ ದೊಡ್ಡ ಜಮೀನಿನ, ಮನೆಗೆ ಕಟ್ಟೆ ಕೂರಿಸಿ ಬಂದಿದ್ದ. ಆ ರಾಂಚಿನ ಯಜಮಾನ ಕಾಡುಹಂದಿಗಳ ಕಾಟ ಹೇಳಿಕೊಂಡಿದ್ದನಂತೆ. ಒಂದು ಹಿಂಡು ಒಂದು ರಾತ್ರಿ ಹುಲ್ಲುಗಾವಲಿಗೆ ನುಗ್ಗಿದರೆ ಬೆಳಿಗ್ಗೆ ಟ್ರ್ಯಾಕ್ಟರು ಉತ್ತಂತೆ ಕಾಣುತ್ತದೆ, ಯಾರು ಬಂದು ಹೊಡೆದರೂ ಪುಣ್ಯ ಎಂದಿದ್ದನಂತೆ. ಊಟಕ್ಕೆ ಕೂತಾಗ ಅಪ್ಪಾಸಾಹೇಬ ಇದನ್ನು ಹೇಳಿದ್ದು ಸುಮ್ಮನೆ ಮಾತಿಗೆ. ಗುರವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನಾ ಹೊಡೀತೀನಿ," ಎಂದಳು.

ಮಾಂಸ ಉಣ್ಣುವ ಮನೆ, ಬೇಟೆಯ ಹೆಸರು ಹೊತ್ತ ನಾಯಕರ ಕುಲ. ಅಪ್ಪಾಸಾಹೇಬನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನ ಕಾಕಾಗಳು ಹಂದಿ ಬೇಟೆಯ ಕಥೆ ಹೇಳುತ್ತಿದ್ದದ್ದು ಅವನಿಗೆ ನೆನಪಿತ್ತು. ಆ ಕಥೆಗಳಲ್ಲಿ ಹೆಂಗಸರು ಬಿಲ್ಲು ಹಿಡಿದದ್ದು ನೆನಪಿರಲಿಲ್ಲ, ಅಷ್ಟೇ.

ಬೇಟೆಗೆ ಎಷ್ಟು ಪೌಂಡಿನ ಬಿಲ್ಲು ಬೇಕು ಎಂದು ಗುರವ್ವ ಕೇಳಿದಾಗ ಡಾರ್ಲೀನ್ ಮೊದಲು ಪೌಂಡಿನ ಲೆಕ್ಕ ಬಿಡಿಸಿ ಹೇಳಿದಳು. ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಬೆರಳಿನ ಮೇಲೆ ಎಷ್ಟು ಭಾರ ಬೀಳುತ್ತದೋ ಅದೇ ಬಿಲ್ಲಿನ ಪೌಂಡು. ಹಂದಿಯಂಥ ಗಟ್ಟಿ ಪ್ರಾಣಿಗೆ ನಲವತ್ತಾದರೂ ಇರಬೇಕು, ಬಾಣ ಭಾರದ್ದಿರಬೇಕು, ಅಲಗು ಕ್ಷೌರದ ಬ್ಲೇಡಿನಂತೆ ಹರಿತವಿರಬೇಕು, ತೀರ ಹತ್ತಿರದಿಂದ ಹೊಡೆಯಬೇಕು ಎಂದಳು. ಆದರೆ ಅದಕ್ಕೆಲ್ಲ ಮೊದಲು, ಎಳೆದು ಹಿಡಿದು ಅಲುಗದೆ ನಿಲ್ಲಲು ಆಗಬೇಕು. ಕೈ ನಡುಗಿದರೆ ಪ್ರಾಣಿಗೆ ಗಾಯವಾಗಿ ನರಳುತ್ತದೆ, ಸಾಯುವುದಿಲ್ಲ. ಅಂಥ ಬೇಟೆ ತನಗೆ ಬೇಡ ಎಂದು ಡಾರ್ಲೀನ್ ಸ್ಪಷ್ಟವಾಗಿ ಹೇಳಿದಳು. ಇಷ್ಟು ಮಾತಿನಲ್ಲಿ ಗುರವ್ವನ ಕಿವಿಗೆ ಬಿದ್ದದ್ದು ನಲವತ್ತು ಎಂಬ ಒಂದೇ ಶಬ್ದ. ನಲವತ್ತು ಸಾಕೆಂದರೆ ಅದಕ್ಕಿಂತ ಹೆಚ್ಚಿದ್ದರೆ ಇನ್ನೂ ಒಳ್ಳೆಯದು ತಾನೆ. ಹೊಲಿಗೆಯಲ್ಲಿ ಒಳಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುವುದಿಲ್ಲವೆ, ಹಾಗೆ.

ಮಾರ್ಚಿನಲ್ಲಿ ಅಪ್ಪಾಸಾಹೇಬ ಹೂಸ್ಟನ್ನಿಗೆ ಕಲ್ಲು ಆರಿಸಲು ಹೊರಟ. ಇಳಕಲ್ಲಿನ ಕೆಂಪು ಕಲ್ಲಿನ ಹಲಗೆಗಳು ಹಡಗಿನಲ್ಲಿ ಬಂದಿದ್ದವು. ಗುರವ್ವ ಅಲ್ಲೇ ಪಕ್ಕದ ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಗೆ ಹೋಗಿಬರುವ ನೆಪದಲ್ಲಿ ಕಾರು ಹತ್ತಿದಳು. ಡಾರ್ಲೀನ್ ಒಂದು ಕೆಲಸ ಹೇಳಿದ್ದಳು: ಗುಡಿಯಿಂದ ಸ್ವಲ್ಪ ದೂರದಲ್ಲಿ ಹ್ಯಾರಲ್ಡ್ ಎಂಬ ಬಿಲ್ಲು ಮಾಡುವ ಮುದುಕನಿದ್ದಾನೆ, ತಾನು ರಿಪೇರಿಗೆ ಕೊಟ್ಟ ಬಿಲ್ಲನ್ನು ಅವನಿಂದ ತೆಗೆದುಕೊಂಡು ಬಾ, ಮತ್ತೇನನ್ನೂ ಮುಟ್ಟಬೇಡ ಎಂದಿದ್ದಳು.

ಹ್ಯಾರಲ್ಡನ ಶೆಡ್ಡಿನ ಗೋಡೆಗೆ ಬಿಲ್ಲುಗಳು ಸಾಲಾಗಿ ತೂಗಿದ್ದವು. ಅವುಗಳಲ್ಲಿ ಒಂದು ಅರಿಸಿನದ ಬಣ್ಣದ್ದು. ಟೆಕ್ಸಾಸಿನ ಹೊಲಗಳ ಬೇಲಿಯಲ್ಲಿ ಬೆಳೆಯುವ ಮುಳ್ಳಿನ ಮರವೊಂದರಿಂದ ಮಾಡಿದ್ದು, ಬೆನ್ನಿಗೆ ಹಾವಿನ ಪೊರೆಯಂಥ ತೊಗಲು ಅಂಟಿಸಿದ್ದು. ಬೆಳಕು ಬಿದ್ದಾಗ ಆ ತೊಗಲಿನ ಚೌಕಗಳು ಇಳಕಲ್ ಸೀರೆಯ ಅಂಚಿನಂತೆ ಮಿನುಗಿದವು. ಗುರವ್ವ ಗುಡಿಯಲ್ಲೂ ಅಷ್ಟು ಹೊತ್ತು ಕಣ್ಣು ಕೀಲಿಸಿ ನಿಂತಿರಲಿಲ್ಲ. ಹ್ಯಾರಲ್ಡ್ ಅದರ ಮೇಲೆ ಬರೆದದ್ದನ್ನು ತೋರಿಸಿದ: ಐವತ್ತೆಂಟು. ಇದು ನಿನಗಲ್ಲ, ನಲವತ್ತರ ಸುಮಾರಿನದೊಂದು ಮಾಡಿಕೊಡುತ್ತೇನೆ, ಕೆಲವು ತಿಂಗಳು ತಡೆ ಎಂದ. ಗುರವ್ವ ಒಮ್ಮೆ ಎಳೆದು ನೋಡಲು ಕೇಳಿದಳು. ಹಲ್ಲು ಕಚ್ಚಿ, ಉಸಿರು ಕಟ್ಟಿ, ಒಂದೇ ಜಗ್ಗಿಗೆ ಗಲ್ಲದವರೆಗೆ ಎಳೆದೇಬಿಟ್ಟಳು. ಒಂದು ಕ್ಷಣವೂ ನಿಲ್ಲಲಿಲ್ಲ, ತೋಳುಗಳು ತಾವಾಗಿಯೇ ಮುಂದಕ್ಕೆ ಓಡಿದವು. ಆದರೂ ಎಳೆದದ್ದು ಎಳೆದದ್ದೇ.

"ನಮ್ಮದು ಬ್ಯಾಟಿಗಾರರ ಮನಿತನಾರೀ," ಎಂದು ಜೊತೆಗೆ ಬಂದಿದ್ದ ಅಪ್ಪಾಸಾಹೇಬ ಕನ್ನಡದಲ್ಲೇ ಹ್ಯಾರಲ್ಡನಿಗೆ ಹೆಮ್ಮೆಯಿಂದ ಹೇಳಿದ. ಹ್ಯಾರಲ್ಡ್ ಏನೆಂದು ತಿಳಿದನೋ, ನಿಟ್ಟುಸಿರು ಬಿಟ್ಟು ಬಿಲ್ಲನ್ನು ಗೋಡೆಯಿಂದ ಇಳಿಸಿದ.

ಡಲ್ಲಾಸಿಗೆ ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಎರಡು ಬಿಲ್ಲು. ಹಳದಿಯದಕ್ಕೆ ಗುರವ್ವ ಸೀಟ್‌ಬೆಲ್ಟ್ ಹಾಕಿದ್ದಳು. ಹತ್ತು ಹತ್ತು ನಿಮಿಷಕ್ಕೆ ತಿರುಗಿ ನೋಡಿ ನಗುವಳು. ಕೊನೆಗೆ ಅಪ್ಪಾಸಾಹೇಬನೂ ಕನ್ನಡಿಯಲ್ಲಿ ಅದನ್ನು ನೋಡಿ ನಗತೊಡಗಿದ. ದಾರಿಯಲ್ಲಿ ಕಾಫಿಗೆ ನಿಂತಾಗ ಬಿಲ್ಲನ್ನು ಕಾರಿನಲ್ಲಿ ಒಂಟಿಯಾಗಿ ಬಿಡಲು ಮನಸ್ಸಾಗದೆ ಸರತಿಯಲ್ಲಿ ಒಬ್ಬೊಬ್ಬರೇ ಇಳಿದರು.

ಆಮೇಲಿನ ಎರಡು ವಾರ ಗುರವ್ವ ಕಂಡಕಂಡವರಿಗೆಲ್ಲ ಐವತ್ತೆಂಟು ಎಂದು ಹೇಳಿಕೊಂಡು ತಿರುಗಿದಳು. ಕನ್ನಡ ಸಂಘದ ಯುಗಾದಿಯಲ್ಲಿ ಒಬ್ಬಟ್ಟು ಬಡಿಸುತ್ತಲೇ ಹೇಳಿದಳು. ಮೂರನೆಯ ವಾರಕ್ಕೆ ಬಲಗೈ ಮೇಲೇಳದಾಯಿತು. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಹ್ಯಾಂಗರನ್ನು ಮೇಲಿನ ಸರಳಿಗೆ ಸಿಕ್ಕಿಸಲು ಸ್ಟೂಲು ಹತ್ತಬೇಕಾಯಿತು. ಮೈದಾನದಲ್ಲಿ ಬಾಣಗಳು ಅವಳ ಪೆಂಡಿ ಬಿಟ್ಟು ಪಕ್ಕದವರ ಪೆಂಡಿಗೆ ಹೋಗಿ ನಾಟಿದವು. ಒಂದಂತೂ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಎಳೆಯುವಾಗ ಕೈ ಗಲ್ಲ ಮುಟ್ಟುವ ಮೊದಲೇ ಬೆರಳು ಬಿಟ್ಟುಕೊಡುತ್ತಿದ್ದವು. ಡಾರ್ಲೀನ್ ಅದನ್ನೆಲ್ಲ ನೋಡಿ, ನೀನು ಬಿಲ್ಲನ್ನು ಎಳೆಯುತ್ತಿಲ್ಲ, ಬಿಲ್ಲೇ ನಿನ್ನನ್ನು ಎಳೆಯುತ್ತಿದೆ ಎಂದಳು. ನೋವು ಹೋಗುವವರೆಗೆ ಬಿಲ್ಲನ್ನು ಮುಟ್ಟಕೂಡದೆಂದು ಅಪ್ಪಣೆ ಮಾಡಿದಳು.

ಜೊತೆಗೆ ಇನ್ನೊಂದು ಮಾತು ಹೇಳಿದಳು, ಅದು ಗುರವ್ವನಿಗೆ ತೋಳಿನ ನೋವಿಗಿಂತ ಹೆಚ್ಚು ನಾಟಿತು. ಬಿಲ್ಲಿನ ಮೇಲೆ ಬರೆದ ಪೌಂಡು, ಇಪ್ಪತ್ತೆಂಟು ಇಂಚು ಎಳೆಯುವವರ ಲೆಕ್ಕದ್ದು. ತೋಳು ಚಿಕ್ಕದಿದ್ದವರು ಅಷ್ಟು ಎಳೆಯುವುದೇ ಇಲ್ಲ. ಅವರ ಕೈಯಲ್ಲಿ ಅದೇ ಬಿಲ್ಲು ಹಗುರಾಗುತ್ತದೆ. ಗುರವ್ವ ಕೊರಳಲ್ಲಿದ್ದ ಟೇಪು ತೆಗೆದು ಅಳೆಸಿಕೊಂಡಳು. ಅವಳ ಎಳೆತ ಇಪ್ಪತ್ತೈದೇ ಇಂಚು. ಡಾರ್ಲೀನ್ ತನ್ನ ಕೊಕ್ಕೆಯ ತಕ್ಕಡಿ ಹೆದೆಗೆ ಸಿಕ್ಕಿಸಿ ಅಲ್ಲಿಯವರೆಗೆ ಎಳೆದು ನೋಡಿದಾಗ ಮುಳ್ಳು ತೋರಿಸಿದ್ದು ನಲವತ್ತೊಂಬತ್ತು. ದಿನಾ ರೆಡಿಮೇಡ್ ಬಟ್ಟೆಯ ಕೊರಳಲ್ಲಿ ಬರೆದ ನಂಬರನ್ನು ನಂಬಬೇಡಿ, ಹಾಕಿ ನೋಡಿ ಎಂದು ಗಿರಾಕಿಗಳಿಗೆ ಹೇಳುತ್ತ ಬಂದ ತಾನೇ ಒಂದು ನಂಬರನ್ನು ನಂಬಿ ಊರೆಲ್ಲ ಸಾರಿದ್ದು ನೆನೆದು ಗುರವ್ವನಿಗೆ ನಾಚಿಕೆಯಾಯಿತು.

"ಐವತ್ತೆಂಟು ಅಂತ ಎಲ್ಲಾರಿಗೂ ಹೇಳೇನ್ರಿ," ಎಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪಾಸಾಹೇಬನಿಗೆ ಹೇಳಿದಳು.

"ಹೇಳಿದ್ರ ಹೇಳಿದಿ," ಎಂದ ಅವನು. "ನಲವತ್ತೊಂಬತ್ತೂ ನಿನ್ನ ಕೈಲಿ ಆಗವಲ್ದಲ್ಲ."

ಗುರವ್ವ ಅವನ ಮುಖ ನೋಡಿದಳು, ನಗು ತಡೆಯಲಾಗಲಿಲ್ಲ. ನಕ್ಕರೆ ತೋಳು ನೋಯುತ್ತಿತ್ತು, ಆದರೂ ನಕ್ಕಳು.

ಬೇಸಿಗೆ ಕಳೆಯುವ ಹೊತ್ತಿಗೆ ನೋವು ಹೋಗಿತ್ತು. ಹಳದಿ ಬಿಲ್ಲು ಮಲಗುವ ಕೋಣೆಯ ಗೋಡೆ ಸೇರಿತು, ಗುರವ್ವ ಡಾರ್ಲೀನಳ ಮೂವತ್ತು ಪೌಂಡಿನದರಿಂದ ಮತ್ತೆ ಮೊದಲು ಮಾಡಿದಳು. ಹಂದಿಯ ಬೇಟೆಯಲ್ಲಿ ನಿಂತುಕೊಂಡು ಹೊಡೆಯುವುದು ಕಡಿಮೆ, ಪೊದೆಯ ಹಿಂದೆ ಕೂತೇ ಹೊಡೆಯಬೇಕಾಗುತ್ತದೆ ಎಂದು ಡಾರ್ಲೀನ್ ಅವಳನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ಕೂರಿಸಿದಳು. ಬಿಲ್ಲನ್ನು ಆಕಾಶಕ್ಕೆತ್ತಿ ಜಗ್ಗುವಂತಿಲ್ಲ. ಗುರಿಯ ಕಡೆಗೇ ಹಿಡಿದು, ತುಂಬಿದ ಹಾಲಿನ ಲೋಟ ಕೆಳಗಿಡುವಷ್ಟು ಮೆಲ್ಲಗೆ ಎಳೆಯಬೇಕು.

ಒಂದು ಭಾನುವಾರ ಬಕೆಟ್ಟಿನ ಮೇಲೆ ಕೂತಿರುವಾಗಲೇ ವೈಷ್ಣವಿಯ ಫೋನು ಬಂತು. ಗುರವ್ವ ಅದನ್ನು ಸ್ಪೀಕರಿಗೆ ಹಾಕಿ ಹುಲ್ಲಿನ ಮೇಲಿಟ್ಟು, ಮಾತಾಡುತ್ತಲೇ ಬಿಲ್ಲೆಳೆದಳು. ಅಂದು ಡಾರ್ಲೀನ್ ಕೊಟ್ಟದ್ದು ಸ್ವಲ್ಪ ಭಾರದ ಬಿಲ್ಲು. ವೈಷ್ಣವಿ ರೂಮ್‌ಮೇಟಿನ ಬೆಕ್ಕಿನ ಬಗ್ಗೆ ಏನೋ ಹೇಳುತ್ತಿದ್ದವಳು ಥಟ್ಟನೆ ನಿಂತಳು.

"ಮಮ್ಮಿ, ಆರ್ ಯೂ ಮ್ಯಾಡ್ ಅಟ್ ಮಿ?"

ಇಲ್ಲವ್ವಾ, ಯಾಕ ಎಂದು ಗುರವ್ವ ಕೇಳಿದಳು. ದನಿ ಹಾಗೆ ಬಿಗಿಯಾಗಿ ಬರುತ್ತಿದೆ, ಹಲ್ಲು ಕಚ್ಚಿ ಮಾತಾಡಿದಹಾಗಿದೆ ಎಂದಳು ಮಗಳು. ಗುರವ್ವ ಹೆದೆಯನ್ನು ಸಡಿಲಿಸಿ ಡಾರ್ಲೀನಳಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ, ಆ ಮುದುಕಿ ಹುಲ್ಲಿನ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಗಂಭೀರಳಾಗಿ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನಿಲ್ಲ ಎಂದಳು. ಎಳೆದು ಹಿಡಿದಾಗ ಉಸಿರು ಸಹಜವಾಗಿ ಆಡುತ್ತಿದ್ದರೆ ದನಿಯೂ ಸಹಜವಾಗಿರುತ್ತದೆ. ನಿನ್ನ ಮಗಳಿಗೆ ನೀನು ಬಿಲ್ಲೆಳೆದದ್ದು ಯಾವಾಗ ಗೊತ್ತಾಗುವುದಿಲ್ಲವೋ, ಅದೇ ನಿನ್ನ ಬಿಲ್ಲು.

ಅಲ್ಲಿಂದ ಪ್ರತಿ ಭಾನುವಾರ ವೈಷ್ಣವಿ ತನಗರಿವಿಲ್ಲದೆ ತಾಯಿಯ ಬಿಲ್ಲುಗಳಿಗೆ ನ್ಯಾಯಾಧೀಶೆಯಾದಳು. ಮೂವತ್ತು ಪೌಂಡಿಗೆ ಅವಳಿಗೆ ಏನೂ ಗೊತ್ತಾಗಲಿಲ್ಲ. ಮೂವತ್ತೈದಕ್ಕೆ ಮೊದಲೆರಡು ವಾರ ಅನುಮಾನಪಟ್ಟಳು, ಮೂರನೆಯ ವಾರಕ್ಕೆ ಬಿಟ್ಟಳು. ನಲವತ್ತರ ಹತ್ತಿರದ್ದೊಂದನ್ನು ಎಳೆದಾಗ ಅಪ್ಪನ ಜೊತೆ ಜಗಳವಾಗಿದೆಯೇ ಎಂದು ಕೇಳಿದಳು. ಮತ್ತೊಮ್ಮೆ, ಮಲಬದ್ಧತೆಯೇ ಎಂದು ಕೇಳಿದಳು. ಅಂದು ಬಾಣ ಎಲ್ಲಿಗೆ ಹೋಯಿತೆಂದು ಗುರವ್ವ ನೋಡಲೇ ಇಲ್ಲ, ಬಕೆಟ್ಟಿನಿಂದ ಉರುಳಿಬಿದ್ದಿದ್ದಳು.

ಹೊಸ ವರ್ಷ ಬಂದಾಗ ನಲವತ್ತು ಪೌಂಡಿಗೂ ಮಗಳು ಮಾತು ನಿಲ್ಲಿಸದಾದಳು. ಆದರೆ ಅದು ಡಾರ್ಲೀನಳ ಬಿಲ್ಲು. ಗುರವ್ವನ ಜೀವ ಮಲಗುವ ಕೋಣೆಯ ಗೋಡೆಯ ಮೇಲಿತ್ತು. ಅದನ್ನು ಕೊಟ್ಟು ಬೇರೆಯದನ್ನು ತರಲು ಹ್ಯಾರಲ್ಡನಿಗೆ ಫೋನು ಮಾಡುವಾಗಲೂ ಅವಳ ಒಂದು ಕೈ ಆ ಹಳದಿ ಮರದ ಮೇಲೇ ಇತ್ತು. ಹ್ಯಾರಲ್ಡ್ ಕೇಳಿಸಿಕೊಂಡು, ಯಾಕೆ ಕೊಡುತ್ತೀ, ತಂದುಕೊಡು, ಕೆರೆದು ಹಗುರ ಮಾಡೋಣ ಎಂದ. ಮರದ ಬಿಲ್ಲು. ಎಳೆಯುವವರತ್ತ ಇರುವ ಹೊಟ್ಟೆಯ ಭಾಗದಲ್ಲಿ ಒಂದಿಷ್ಟು ಕೆರೆದರೆ ಬಿಗಿ ಇಳಿಯುತ್ತದೆ. ಹೆಚ್ಚು ಕೆರೆದರೆ ಮಾತ್ರ ಮತ್ತೆ ಹಚ್ಚಲಾಗುವುದಿಲ್ಲ.

"ಅಯ್ಯ, ಆಲ್ಟರೇಷನ್ ಅನ್ರಿ," ಎಂದಳು ಗುರವ್ವ, ಫೋನಿಟ್ಟು ಗಂಡನ ಕಡೆ ತಿರುಗಿ. ಆ ಸಂಜೆ ಬಿಲ್ಲನ್ನು ಗೋಡೆಯಿಂದ ಇಳಿಸಿ ಎಣ್ಣೆ ಹಚ್ಚಿ ಒರೆಸಿದಳು.

ಅಪ್ಪಾಸಾಹೇಬ ಮತ್ತೆ ಕಲ್ಲಿಗೆಂದು ಹೂಸ್ಟನ್ನಿಗೆ ಹೋದಾಗ ಇಬ್ಬರೂ ಬಿಲ್ಲನ್ನು ಹ್ಯಾರಲ್ಡನಿಗೆ ಒಯ್ದರು. ಅವನ ಶೆಡ್ಡಿನಲ್ಲಿ ಅಂದು ಬೆಳಿಗ್ಗೆಯಿಂದ ಕೆಲಸ ನಡೆಯಿತು. ಬಿಲ್ಲನ್ನು ಗೂಟಕ್ಕೆ ಸಿಕ್ಕಿಸಿ, ಹಗ್ಗ ಮತ್ತು ರಾಟೆಯಿಂದ ಗುರವ್ವನ ಇಪ್ಪತ್ತೈದು ಇಂಚಿನವರೆಗೆ ಜಗ್ಗಿ, ತಕ್ಕಡಿಯ ಮುಳ್ಳು ನೋಡುವನು. ಇಳಿಸಿ ಕೆರೆಯುವನು, ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬೀಳುವುದು. ಎರಡೂ ಕಡೆ ಒಂದೇ ಸಮ ಬಾಗಬೇಕಾದ್ದರಿಂದ ಮತ್ತೆ ಮತ್ತೆ ಸಿಕ್ಕಿಸಿ ನೋಡುವನು. ಗುರವ್ವ ಪಕ್ಕದಲ್ಲಿ ನಿಂತು ಒಂದೊಂದು ಸುರುಳಿ ಬಿದ್ದಾಗಲೂ ತನ್ನ ಚರ್ಮ ಸುಲಿದಂತೆ ಮುಖ ಮಾಡುವಳು. ನಲವತ್ತೈದಕ್ಕೆ ಬಂದಾಗ ಇಷ್ಟು ಸಾಕು ಎಂದುಬಿಟ್ಟಳು. ನಲವತ್ತೈದು ಅನ್ನುವ ಸಂಖ್ಯೆ ಕೇಳಲು ಚೆನ್ನಾಗಿತ್ತು. ಹ್ಯಾರಲ್ಡ್ ಬಿಲ್ಲನ್ನು ಅವಳ ಕೈಗೆ ಕೊಟ್ಟು, ಕೂರಲು ಸ್ಟೂಲು ಸರಿಸಿದ. ಪರೀಕ್ಷೆಯ ವಿಷಯ ಡಾರ್ಲೀನ್ ಅವನಿಗೆ ಮೊದಲೇ ಹೇಳಿದ್ದಳು.

ಗುರವ್ವ ಮಗಳಿಗೆ ಫೋನು ಹಚ್ಚಿದಳು. ಆರಾಮಿದ್ದೀಯಾ, ಊಟ ಆಯಿತಾ ಎಂದು ಕೇಳುತ್ತ ಎಳೆದಳು. ಹೆದೆ ಗಲ್ಲಕ್ಕೆ ಬಂತು. "ಮತ್ತ... ಏನ... ಮಾಡಾಕತ್ತಿ," ಎಂದಳು.

"ಮಮ್ಮಿ, ವಾಟ್ ಹ್ಯಾಪನ್ಡ್? ನೀವು ಅಳ್ತಿದ್ದೀರಾ?"

ಅಪ್ಪಾಸಾಹೇಬ ಬಾಯಿಗೆ ಕೈ ಅಡ್ಡ ಹಿಡಿದು ಶೆಡ್ಡಿನಾಚೆ ಓಡಿದ. ಗುರವ್ವ ಏನೂ ಇಲ್ಲ, ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟು, ಬಿಲ್ಲನ್ನು ಹ್ಯಾರಲ್ಡನ ಕೈಗೆ ವಾಪಸು ಕೊಟ್ಟಳು. ಅವನು ಇನ್ನಷ್ಟು ಕೆರೆದ. ನಲವತ್ತಮೂರಕ್ಕೆ ಬಂದಾಗ ವೈಷ್ಣವಿ ತಾನೇ ಫೋನು ಮಾಡಿದಳು, ಗಾಬರಿಯಿಂದ. ಗುರವ್ವ ಎಳೆದು ಹಿಡಿದೇ ಮಾತಾಡಿದಳು. ಮೊದಲ ವಾಕ್ಯ ಚೆನ್ನಾಗಿ ಬಂತು, ಎರಡನೆಯದರ ಕೊನೆಗೆ ದನಿ ನಡುಗಿತು. ಮಗಳ ಗಾಬರಿ ಇಮ್ಮಡಿಯಾಯಿತು. ಗಂಡಹೆಂಡತಿ ಸೇರಿ ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಹ್ಯಾರಲ್ಡ್ ಮತ್ತೆ ಕೆರೆದು, ಎರಡೂ ಕಡೆ ಸಮ ಮಾಡಿ, ಮುಳ್ಳನ್ನು ತೋರಿಸಿದ. ನಲವತ್ತೊಂದು.

ಗುರವ್ವ ಸ್ಟೂಲಿನ ಮೇಲೆ ಕೂತು ಎಳೆದಳು. ಬೆನ್ನು ತೆರೆದುಕೊಂಡಿತು, ಕೈ ಗಲ್ಲಕ್ಕೆ ಬಂದು ತನ್ನ ಜಾಗ ಗೊತ್ತಿದ್ದಂತೆ ನಿಂತಿತು. ಫೋನಿನಲ್ಲಿ ವೈಷ್ಣವಿ, ಹಾಗಾದರೆ ನಿಜವಾಗಿಯೂ ಏನೂ ಆಗಿಲ್ಲವಾ ಎಂದು ಕೇಳುತ್ತಿದ್ದಳು.

"ಏನೂ ಆಗಿಲ್ಲವ್ವಾ. ಅಪ್ಪಾಗ ಕಲ್ಲಿನ ಕೆಲಸಿತ್ತು, ನಾ ಗುಡಿಗೆ ಹೋಗಿ ಬಂದ್ನಿ. ಮೊಸರನ್ನ ಕೊಟ್ರು. ನೀ ಏನ ಉಂಡಿ?"

ವೈಷ್ಣವಿಯ ದನಿ ಸಡಿಲಾಯಿತು. ಏನು ಉಂಡೆ, ಎಲ್ಲಿ ಉಂಡೆ, ಜೊತೆಗೆ ಯಾರಿದ್ದರು ಎಂದೆಲ್ಲ ಹೇಳತೊಡಗಿದಳು. ಗುರವ್ವ ಹೂಂ ಹೂಂ ಎನ್ನುತ್ತ ಹೆದೆಯನ್ನು ನಿಧಾನಕ್ಕೆ ಮುಂದೆ ತಂದಳು. ಹ್ಯಾರಲ್ಡ್ ಕೆರೆಯುವ ಅಲಗನ್ನು ಒರೆಸಿ ಗೂಡಿನಲ್ಲಿಟ್ಟ.

ವಿಷಯವೆಲ್ಲ ತಿಳಿದಾಗ ವೈಷ್ಣವಿ ಒಂದು ವಾರ ಸಿಟ್ಟಾಗಿದ್ದಳು. ಆಮೇಲೆ ತನ್ನ ಗೆಳತಿಯರೆಲ್ಲರಿಗೂ ಆ ಕಥೆ ಹೇಳಿ, ನವೆಂಬರಿನಲ್ಲಿ ಬೇಟೆಗೆ ತಾನೂ ಬರುತ್ತೇನೆಂದು ಹಟ ಹಿಡಿದಳು.

ಅಷ್ಟರಲ್ಲಿ ಗುರವ್ವ ಬೇಟೆಯ ಪಾಠದ ಕ್ಲಾಸಿಗೆ ಹೋಗಿ, ಲೈಸೆನ್ಸ್ ತೆಗೆದಿದ್ದಳು. 2017ರ ನವೆಂಬರಿನ ಒಂದು ಶನಿವಾರ ಆಸ್ಟಿನ್ನಿನಾಚೆಯ ಆ ರಾಂಚಿನಲ್ಲಿ, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ, ಅವಳೂ ಡಾರ್ಲೀನಳೂ ಹಳ್ಳದ ಪಕ್ಕದ ಪೊದೆಯ ಹಿಂದೆ ಬಕೆಟ್ಟುಗಳ ಮೇಲೆ ಕೂತರು. ಅಪ್ಪನೂ ಮಗಳೂ ದೂರದ ದಿಬ್ಬದ ಮೇಲೆ ಟ್ರಕ್ಕಿನಲ್ಲಿ ಕೂತು ದುರ್ಬೀನಿಗೆ ಕಿತ್ತಾಡುತ್ತಿದ್ದರು. ಗಾಳಿ ಹಳ್ಳದ ಕಡೆಯಿಂದ ಇವರತ್ತ ಬೀಸುತ್ತಿತ್ತು. ಹಂದಿಗಳಿಗೆ ವಾಸನೆ ಸಿಗುವಂತಿರಲಿಲ್ಲ. ದೊಡ್ಡ ಗಂಡುಹಂದಿ ಬಂದರೆ ಬಿಟ್ಟುಬಿಡು, ಅದರ ಭುಜದ ಚರ್ಮ ತಗಡಿನಂತಿರುತ್ತದೆ. ಎಳೆಯದು, ಪಕ್ಕ ತಿರುಗಿ ನಿಂತದ್ದು, ಹತ್ತಿರದ್ದು, ಇಷ್ಟು ಕೂಡಿಬಂದರೆ ಮಾತ್ರ ಎಂದು ಡಾರ್ಲೀನ್ ಮತ್ತೊಮ್ಮೆ ಕಿವಿಯಲ್ಲಿ ಹೇಳಿದಳು.

ಬಂದವು. ಮೊದಲು ಸಪ್ಪಳ, ಆಮೇಲೆ ಕಪ್ಪು ಬೆನ್ನುಗಳು. ಗುರವ್ವ ಬಾಣವನ್ನು ಹೆದೆಗೆ ಸಿಕ್ಕಿಸಿದಳು. ಹಿಂಡಿನಿಂದ ಒಂದು ಎಳೆಯ ಹಂದಿ ಬೇರೆಯಾಗಿ ಪೊದೆಯ ಹತ್ತಿರ ಬಂದು ಮಣ್ಣು ಕೆದರತೊಡಗಿತು. ಗುರವ್ವ ಎಳೆದಳು. ಗಲ್ಲಕ್ಕೆ ಕೈ ಬಂದಾಗ ಹಂದಿ ಅವಳತ್ತ ಮೂತಿ ಮಾಡಿ ನಿಂತಿತು. ಹೊಡೆಯುವಂತಿರಲಿಲ್ಲ. ಅವಳು ಕಾದಳು. ಹಂದಿ ತಿರುಗಲಿಲ್ಲ. ಇನ್ನೂ ಕಾದಳು, ಬೆನ್ನು ಅಲುಗಲಿಲ್ಲ. ಕೊನೆಗೆ ಎಳೆದಷ್ಟೇ ಮೆಲ್ಲಗೆ ಹೆದೆಯನ್ನು ಮುಂದೆ ತಂದಳು. ಹಂದಿಗೆ ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಬೇರು ಹುಡುಕುತ್ತ ಪಕ್ಕಕ್ಕೆ ತಿರುಗಿ, ಮುಂಗಾಲು ಮುಂದಿಟ್ಟಿತು. ಗುರವ್ವ ಎರಡನೆಯ ಸಲ ಎಳೆದಳು.

ಬಾಣ ಹೋದದ್ದು ಅವಳಿಗೆ ಕಾಣಲಿಲ್ಲ, ಹಂದಿಯ ಆಚೆಯ ಮಣ್ಣಿಗೆ ಅದು ನಾಟಿದ್ದು ಮಾತ್ರ ಕಂಡಿತು. ಬಾಣ ಮೈ ತೂರಿ ಪಾರಾಗಿತ್ತು. ಹಂದಿ ಹಳ್ಳದ ಕಡೆ ಓಡಿ, ದಂಡೆ ಹತ್ತುವ ಮೊದಲೇ ಕಾಲು ಮಡಚಿ ಬಿದ್ದಿತು. ಆಮೇಲೆ ಸದ್ದಿಲ್ಲ. ಗುರವ್ವನ ಕಣ್ಣು ತುಂಬಿತು. ಹೋಗಿ ಅದರ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು. ಮೈ ಇನ್ನೂ ಬೆಚ್ಚಗಿತ್ತು. ಡಾರ್ಲೀನ್ ಮಣ್ಣಿಗೆ ನಾಟಿದ್ದ ಬಾಣವನ್ನು ಕಿತ್ತು ತಂದಳು. ಅಷ್ಟರಲ್ಲಿ ದಿಬ್ಬದಿಂದ ಅಪ್ಪನೂ ಮಗಳೂ ಓಡಿಬರುವುದು ಕಂಡಿತು. ಅಪ್ಪಾಸಾಹೇಬನ ಒಂದು ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಗುರವ್ವ ಎದ್ದು ನಿಂತಳು. ಡಾರ್ಲೀನಳ ಎರಡೂ ಕೈ ಹಿಡಿದು ಹುಲ್ಲಿನಲ್ಲಿ ಗಿರಗಿರನೆ ತಿರುಗಿದಳು, ಇಬ್ಬರಿಗೂ ತಲೆ ಸುತ್ತುವವರೆಗೆ.

ಮರುದಿನ ರಾಂಚಿನ ಯಜಮಾನನ ಮನೆಯಲ್ಲೇ ಅಡಿಗೆ. ಅಪ್ಪಾಸಾಹೇಬ ಮಸಾಲಿ ಖಾರ ಹಾಕಿ ಸಾರು ಮಾಡಿದ, ಗುರವ್ವ ತಂದಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದಳು. ಡಾರ್ಲೀನ್ ಬೆವರು ಒರೆಸುತ್ತ ಮೂರು ಸಲ ಬಡಿಸಿಕೊಂಡಳು. ರಾತ್ರಿ ಊಟ ಮುಗಿದ ಮೇಲೆ ಅಪ್ಪಾಸಾಹೇಬ ಅಂಗಳದಲ್ಲಿ ನಿಂತು ಗೋಕಾಕಕ್ಕೆ ವಿಡಿಯೊ ಕಾಲ್ ಹಚ್ಚಿದ. ಆ ಕಡೆ ಅವನ ತಂಗಿ ಶಾಂತವ್ವ ಬೆಳಗಿನ ಕೆಲಸಕ್ಕೆ ಆಗಷ್ಟೇ ಎದ್ದಿದ್ದಳು. ಅವನು ಹೇಳುತ್ತ ಹೇಳುತ್ತ ಹಂದಿ ಕರುವಿನಷ್ಟಾಯಿತು, ಆಮೇಲೆ ಎಮ್ಮೆಯಷ್ಟಾಯಿತು. ಗುರವ್ವ ನಗುತ್ತ ಕೇಳಿಸಿಕೊಂಡಳು. ಬಿಲ್ಲು ತೊಂಬತ್ತು ಪೌಂಡು ಎಂದು ಅವನು ಹೇಳಿದಾಗ ಮಾತ್ರ ಫೋನು ಕಸಿದುಕೊಂಡಳು.

"ನಲವತ್ತೊಂದು," ಎಂದಳು. "ಸರಿಯಾಗಿ ಕೇಳವ್ವಾ, ನಲವತ್ತೊಂದು. ಅದು ನನ್ನ ಅಳತಿ."

ಶಾಂತವ್ವ ಪೌಂಡು ಗೊತ್ತಿಲ್ಲ, ಕಿಲೊದಲ್ಲಿ ಎಷ್ಟು ಹೇಳು ಎಂದಳು. ವೈಷ್ಣವಿ ಲೆಕ್ಕ ಹಾಕಿ ಹದಿನೆಂಟೂವರೆ ಎಂದು ಹೇಳಿಕೊಟ್ಟಳು.

"ಇಷ್ಟನಾ?" ಎಂದಳು ಶಾಂತವ್ವ. "ಇದಕ್ಕಿಂತ ಹೆಚ್ಚಿನ ಕೊಡ ನಾ ದಿನಾ ಹೊರತೀನಲ್ಲ."

ಗುರವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ನಗುವಿನ ನಡುವೆ ಅವಳು ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಶಾಂತವ್ವ ಮೂರು ಸಲ ಏನಂದಿ, ಏನಂದಿ ಎಂದು ಕೇಳಿದ ಮೇಲೆ ಗುರವ್ವ ಉಸಿರು ಹಿಡಿದು, ನಿನ್ನ ತೋಳಿನ ಅಳತೆ ಕಳಿಸು, ಮುಂದಿನ ಸಲ ಊರಿಗೆ ಬರುವಾಗ ಹ್ಯಾರಲ್ಡನ ಕೈಲಿ ಒಂದು ಮಾಡಿಸಿಕೊಂಡು ಬರುತ್ತೇನೆ ಎಂದಳು. ಶಾಂತವ್ವ ಅಲ್ಲೇ, ಒಲೆಯ ಮುಂದೆ ನಿಂತು, ಎ‌ರಡೂ ತೋಳು ಚಾಚಿ, ಮಗನನ್ನು ಟೇಪು ತರಲು ಕೂಗಿದಳು.